ಹಣ್ಣಿನಿಂದ ಡಿಎನ್‌ಎ ತೆಗೆದು ತೋರಿಸಬಹುದು, ಆರ್‌ಎನ್‌ಎ ಎಲ್ಲಿ ಅಂತ ಮಕ್ಕಳು ಕೇಳಿದರೆ?

ಮಾಟುಂಗಾ ಮೇಷ್ಟ್ರು

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಸಂಘದ ಸಭಾಂಗಣದಲ್ಲಿ ಕನ್ನಡ ಮಾಧ್ಯಮದ 8, 9, 10ನೇ ತರಗತಿಯ ಸುಮಾರು 40 ಮಕ್ಕಳಿಗೆ ಒಂದು ಪ್ರಾತ್ಯಕ್ಷಿಕೆ ಇದೆ. ಹಣ್ಣು ಜಜ್ಜಿ, ಸೋಪು-ಉಪ್ಪು ಹಾಕಿ, ಮೇಲೆ ಆಲ್ಕೋಹಾಲ್ ಸುರಿದು ಬಿಳಿ ಎಳೆ ತೋರಿಸುವುದು, ಎಲ್ಲರಿಗೂ ಗೊತ್ತಿರುವಂಥದ್ದೇ. ಮೂರು ವಿಷಯಕ್ಕೆ ನಿಮ್ಮ ಸಹಾಯ ಬೇಕು.

ಕೈಕೊಡದ ಅಳತೆ ಯಾವುದು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮೇಲೆ ತೇಲುವ ಆ ಬಿಳಿ ವಸ್ತು ನಿಜಕ್ಕೂ ಡಿಎನ್‌ಎಯೇ? ಹಾಗಾದರೆ ಅದೇ ಕೋಶದಲ್ಲಿದ್ದ ಆರ್‌ಎನ್‌ಎ ಎಲ್ಲಿ ಹೋಯಿತು?

ಪುಸ್ತಕದಲ್ಲಿ ಒಂದು ಕೋಷ್ಟಕ ಇರುತ್ತದಲ್ಲ, ಡಿಎನ್‌ಎಗೆ ಎರಡು ಎಳೆ, ಆರ್‌ಎನ್‌ಎಗೆ ಒಂದು. ಅಲ್ಲಿ ಥೈಮೀನ್, ಇಲ್ಲಿ ಯುರಾಸಿಲ್. ಅಲ್ಲಿ ಡಿಆಕ್ಸಿರೈಬೋಸ್, ಇಲ್ಲಿ ರೈಬೋಸ್. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. "ಯಾಕೆ" ಅಂದರೆ ಉತ್ತರ ಇಲ್ಲ. ಒಂಬತ್ತನೇ ತರಗತಿಗೆ ಅರ್ಥವಾಗುವ ಹಾಗೆ ಹೇಳಲಿಕ್ಕೆ ಆಗುತ್ತದೆಯೆ?

ನಮ್ಮಲ್ಲಿ ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ಬೇರ್ಪಡಿಸುವ ಯಂತ್ರ) ಇಲ್ಲ. ಫ್ರಿಜ್, ಗ್ಯಾಸ್ ಒಲೆ, 1 ಗ್ರಾಂವರೆಗೆ ತೂಗುವ ತಕ್ಕಡಿ ಇದೆ.

ಪಾಷಾಣ ಪಿಪೆಟ್

ಮಹಾಬಳೇಶ್ವರದ ಸ್ಟ್ರಾಬೆರಿ ಹಿಡೀರಿ ಸರ್. ಫೆಬ್ರವರಿಯೊಳಗ ಪುಣೆ, ಮುಂಬಯಿ ಎರಡೂ ಕಡೆ ಬೇಕಾದಷ್ಟು ಬರ್ತದ. ಭಾಳ ಹಣ್ಣಾಗಿ ಮೆತ್ತಗಾಗಿದ್ರ ಇನ್ನೂ ಚೊಲೊ.

100 ಗ್ರಾಂ ಹಣ್ಣು ತಗೊಂಡು ತೊಟ್ಟು, ಹಸಿರೆಲೆ ಕಿತ್ತು ಹಾಕಿ, ಹಿಂದಿನ ರಾತ್ರಿ ಫ್ರೀಜರ್‌ನ್ಯಾಗ ಇಡ್ರಿ. ಮಂಜಿನ ಹರಳು ಕೋಶಭಿತ್ತಿ ಒಡೀತಾವ, ನಿಮ್ಮ ಅರ್ಧ ಕೆಲಸ ಅಲ್ಲೇ ಮುಗೀತದ. ಮರುದಿನ ಜಿಪ್ ಚೀಲದಾಗ ಹಾಕಿ, ಗಾಳಿ ತೆಗೆದು, ಕೈಲೆ ಎರಡು ನಿಮಿಷ ಹಿಚುಕ್ರಿ. ಮಿಕ್ಸರ್ ಬ್ಯಾಡ. ಬ್ಲೇಡು ಜೋರು ತಿರುಗಿದ್ರ ಡಿಎನ್‌ಎ ತುಂಡಾಗ್ತದ, ಎಳೆ ಬದಲು ಹಿಟ್ಟು ಹಿಟ್ಟಾಗಿ ಬರ್ತದ.

ದ್ರಾವಣ: ನೀರು 90 ಮಿ.ಲೀ., ಪಾತ್ರೆ ತೊಳಿಯೋ ದ್ರವ 10 ಮಿ.ಲೀ., ಉಪ್ಪು 2 ಗ್ರಾಂ. ನೊರೆ ಏಳದಂಗ ನಿಧಾನ ಕಲಸ್ರಿ, ಚೀಲಕ್ಕ ಸುರೀರಿ, ಮತ್ತ ಒಂದು ನಿಮಿಷ ಮೆತ್ತಗ ಹಿಚುಕ್ರಿ. 55ರಿಂದ 60 ಡಿಗ್ರಿ ನೀರಿನ್ಯಾಗ ಚೀಲ 10 ನಿಮಿಷ ಮುಳುಗಿಸಿಡ್ರಿ, ಆಮ್ಯಾಲೆ 5 ನಿಮಿಷ ಮಂಜಿನ್ಯಾಗ. ಬಿಸಿಗೆ ಪೊರೆ ಲಗೂನ ಬಿಚ್ಕೋತದ. 60 ದಾಟಬ್ಯಾಡ್ರಿ, ಪೆಕ್ಟಿನ್ (ಜಾಮ್ ಗಟ್ಟಿ ಮಾಡೋ ಹಣ್ಣಿನ ಅಂಟು) ಭಾಳ ಬಿಡ್ತದ.

ಮಲ್ಮಲ್ ಬಟ್ಟೆ ನಾಲ್ಕು ಮಡಿಕಿ ಮಾಡಿ ಸೋಸ್ರಿ. ಬಟ್ಟಿ ಹಿಂಡಬ್ಯಾಡ್ರಿ, ತಾನ ಇಳೀಲಿ. ಆ ರಸ 10 ಮಿ.ಲೀ. ಗಾಜಿನ ನಳಿಕೆಗೆ ಹಾಕಿ, ನಳಿಕೆ ವಾರೆ ಹಿಡಿದು, ಫ್ರೀಜರ್‌ನ್ಯಾಗಿಂದ ತೆಗೆದ ಐಸೊಪ್ರೊಪೈಲ್ ಆಲ್ಕೋಹಾಲ್ (ಐಪಿಎ), 99 ಪ್ರತಿಶತದ್ದು, 10 ಮಿ.ಲೀ. ಗೋಡಿಗುಂಟ ಇಳಿಸ್ರಿ. ಮ್ಯಾಲೆ ಒಂದು ಪದರಾಗಿ ನಿಲ್ಲಬೇಕು. ಎರಡು ಮೂರು ನಿಮಿಷದಾಗ ನಡುವಿನ ಗೆರಿ ಮ್ಯಾಲೆ ಬಿಳಿ ಎಳಿ ಏಳ್ತಾವ. ಬಿದಿರಿನ ಕಡ್ಡಿಲೆ ಸುತ್ತಿ ಎತ್ರಿ.

ಕಾರಣ ಇಷ್ಟ: ಕೋಶದ ಪೊರೆ, ನ್ಯೂಕ್ಲಿಯಸ್ ಪೊರೆ ಎರಡೂ ಕೊಬ್ಬಿನವು, ಅದಕ್ಕ ಸೋಪು. ಡಿಎನ್‌ಎ ಬೆನ್ನೆಲುಬಿನ್ಯಾಗ ಪ್ರತಿ ಮೆಟ್ಟಿಲಿಗೂ ಎಳಿಗೊಂದು ಫಾಸ್ಫೇಟ್, ಎಲ್ಲಾ ಋಣ ಆವೇಶ, ಒಂದನ್ನೊಂದು ದೂಡ್ತಾವ. ಉಪ್ಪಿನ ಸೋಡಿಯಂ ಆ ಆವೇಶ ಮುಚ್ಚಬೇಕು. ಆದ್ರ ನೀರಿನ್ಯಾಗ ಸೋಡಿಯಂ ಫಾಸ್ಫೇಟ್ ಹತ್ರ ಗಟ್ಟಿ ಕೂಡಂಗಿಲ್ಲ, ನೀರು ನಡುವ ಬರ್ತದ. ಆಲ್ಕೋಹಾಲ್ ಬಂದ್ರ ನೀರಿನ ಆ ತಾಕತ್ತು ಇಳೀತದ, ಸೋಡಿಯಂ ಅಂಟ್ಕೋತದ, ಡಿಎನ್‌ಎ ಕರಗಿರಲಾರದ ಹೊರಗ ಬರ್ತದ. ಉಪ್ಪು ಮರೆತ್ರ ಆಲ್ಕೋಹಾಲ್ ಎಷ್ಟು ಸುರಿದ್ರೂ ಎಳಿ ಬರೂದು ಕಷ್ಟ.

ಐಪಿಎ ಹತ್ರ ಒಲಿ ಹಚ್ಚಬ್ಯಾಡ್ರಿ. ಬಿಸಿನೀರು ಬ್ಯಾರೆ ಟೇಬಲ್ ಮ್ಯಾಲೆ ಇರ್ಲಿ.

ಮಡಗಾಂವ್ ಬಂದರು

ಇಲ್ಲಿ ಗೋವಾದಲ್ಲಿ ನಮ್ಮ ಕನ್ನಡ ಶಾಲೆಯವರೂ ಇದನ್ನೇ ಮಾಡಬೇಕು ಅಂತಿದ್ದಾರೆ. ಶುದ್ಧ ಎಥನಾಲ್‌ಗೆ ಅಬಕಾರಿ ಪರವಾನಗಿ ಕೇಳ್ತಾರೆ. ಒಬ್ಬರು ಕಾಜು ಫೆನಿ (ಗೋಡಂಬಿ ಹಣ್ಣಿನ ಸಾರಾಯಿ) ಹಾಕಿದ್ರೆ ಆಗೋದಿಲ್ವಾ ಅಂತ ಕೇಳಿದ್ರು. ತಮಾಷೆಗಲ್ಲ, ನಿಜವಾಗಿ ಕೇಳ್ತಿದ್ದೇನೆ. ಸ್ಯಾನಿಟೈಸರ್ ನಡೆಯುತ್ತಾ?

ಪಾಷಾಣ ಪಿಪೆಟ್

ಫೆನಿ ಆಗಂಗಿಲ್ರಿ. ಲೆಕ್ಕ ನೋಡ್ರಿ: ಎಥನಾಲ್ ಆದ್ರ ಒಟ್ಟು ಮಿಶ್ರಣದಾಗ 65-70 ಪ್ರತಿಶತ ಆಗಬೇಕು, ಅಂದ್ರ ಒಂದು ಪಾಲು ರಸಕ್ಕ ಎರಡರಿಂದ ಎರಡೂವರೆ ಪಾಲು ಅಚ್ಚ ಎಥನಾಲ್. ಫೆನಿ ಇರೂದ 42-43 ಪ್ರತಿಶತ. ಹಂಡೆಗಟ್ಟಲೆ ಸುರಿದ್ರೂ 43 ದಾಟಂಗಿಲ್ಲ. ಅದಕ್ಕಿಂತ ಸೌಮ್ಯ ಉರಾಕ್ ಅಂತೂ ಮಾತ ಬ್ಯಾಡ.

ಐಸೊಪ್ರೊಪೈಲ್‌ನ ಅನುಕೂಲ ಇಲ್ಲೇ ಐತಿ. ಅದು 40-50 ಪ್ರತಿಶತಕ್ಕ ಕೆಲಸ ಮಾಡ್ತದ, ರಸದಷ್ಟೇ ಪ್ರಮಾಣ ಸಾಕು. ಮೊಬೈಲ್ ರಿಪೇರಿ ಮಾಡೋರು ಬೋರ್ಡ್ ತೊಳಿಯಾಕ ಇಡ್ತಾರಲ್ಲ, ಅದ. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯೊಳಗ ಸಿಗ್ತದ.

ಸ್ಯಾನಿಟೈಸರ್ ಜೆಲ್ ಬ್ಯಾಡ, ಅದರಾಗಿನ ಪಾಲಿಮರ್ ತಾನ ಗಂಟುಗಂಟಾಗಿ ಡಿಎನ್‌ಎ ವೇಷ ಹಾಕ್ತದ. ನೀರಿನಂಗಿರೋ 75 ಪ್ರತಿಶತ ಐಪಿಎ ಸ್ಯಾನಿಟೈಸರ್ ಆದ್ರ ಎರಡು ಪಾಲು ಹಾಕಿದ್ರ 50ಕ್ಕ ಬರ್ತದ, ಹಂಗೂ ಹಿಂಗೂ ನಡೀತದ. ಎಳಿ ಸಣ್ಣ ಬರ್ತಾವ.

ಕೊಲಾಬಾ ಕಡಲತೀರ

ಅಳತೆಗಳು ಸರಿ. ಆದರೆ ಮೇಷ್ಟ್ರ ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ, ಅದೇ ಮುಖ್ಯ ಮಾರಾಯ್ರೆ.

ಆ ಬಿಳಿ ಮುದ್ದೆ ಶುದ್ಧ ಡಿಎನ್‌ಎ ಅಲ್ಲ. ಅದರಲ್ಲಿ ಡಿಎನ್‌ಎ ಉಂಟು, ಆರ್‌ಎನ್‌ಎಯೂ ಉಂಟು, ಪ್ರೋಟೀನ್ ಉಂಟು, ಹಣ್ಣಾದರೆ ಪೆಕ್ಟಿನ್ ಧಾರಾಳ ಉಂಟು. ಜಾಮ್ ಮಾಡುವವರು ಹಣ್ಣಿನ ರಸದಲ್ಲಿ ಪೆಕ್ಟಿನ್ ಸಾಕಷ್ಟಿದೆಯೋ ಎಂದು ನೋಡಲಿಕ್ಕೆ ಒಂದು ಚಮಚ ರಸಕ್ಕೆ ಸ್ಪಿರಿಟ್ ಸುರಿಯುತ್ತಾರೆ; ಗಟ್ಟಿ ಮುದ್ದೆಯಾದರೆ ಪೆಕ್ಟಿನ್ ಜಾಸ್ತಿ ಅಂತ. ನಾವು ಮಾಡುತ್ತಿರುವುದು ಅದನ್ನೇ ಅಲ್ಲವಾ? ಹಾಗಾಗಿ ಪಕ್ಕದಲ್ಲಿ ಇನ್ನೊಂದು ನಳಿಕೆ ಇಡಿ: ಸೇಬಿನ ರಸವನ್ನು ಕುದಿಸಿ, ಸೋಸಿ, ಸೋಪು ಹಾಕದೆ ಮೇಲೆ ಐಪಿಎ. ಅಲ್ಲೂ ಬಿಳಿ ಮೋಡ ಏಳುತ್ತದೆ. ಅದು ಜೆಲ್ಲಿಯ ಹಾಗೆ, ಗುಳ್ಳೆ ಹಿಡಿದುಕೊಂಡು ನಿಲ್ಲುತ್ತದೆ; ಕಡ್ಡಿಗೆ ಸುತ್ತಿದರೆ ಎಳೆ ಬರುವುದಿಲ್ಲ, ಜಾರುತ್ತದೆ. ಎರಡನ್ನೂ ಪಕ್ಕಪಕ್ಕ ತೋರಿಸಿದರೆ ಮಕ್ಕಳಿಗೆ ಒಂದು ಪ್ರಯೋಗಕ್ಕೆ ಹೋಲಿಕೆ ಯಾಕೆ ಬೇಕು ಅಂತಲೂ ಗೊತ್ತಾಗುತ್ತದೆ.

ಬಾಳೆಹಣ್ಣು ಬೇಡವೇ ಬೇಡ. ಪೆಕ್ಟಿನ್ ಒಂದು ಕಡೆ, ಪೊಟ್ಯಾಸಿಯಂ ಇನ್ನೊಂದು ಕಡೆ: 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ಶಾಂಪೂವಿನಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಇದ್ದರೆ, ತಣ್ಣಗಾದಾಗ ಪೊಟ್ಯಾಸಿಯಂ ಅದರ ಜೊತೆ ಸೇರಿ ಕರಗದ ಬಿಳಿ ಪುಡಿಯಾಗಿ ಕೂತುಕೊಳ್ಳುತ್ತದೆ. ನೋಡಿದವರೆಲ್ಲ "ಓ ಡಿಎನ್‌ಎ!" ಅಂತಾರೆ. ಅದು ಸೋಪು.

ಇನ್ನೊಂದು. "ಸ್ಟ್ರಾಬೆರಿಯಲ್ಲಿ ವರ್ಣತಂತುಗಳ ಎಂಟು ಪ್ರತಿ, ಆದ್ದರಿಂದ ಡಿಎನ್‌ಎ ಜಾಸ್ತಿ" ಅಂತ ಎಲ್ಲರೂ ಹೇಳುವ ಮಾತು. ಎಂಟು ಪ್ರತಿ ನಿಜ, 7ರ ಹಾಗೆ ಎಂಟು, ಒಟ್ಟು 56 ವರ್ಣತಂತು. ಆದರೆ ಒಂದೊಂದೂ ಚಿಕ್ಕದು. ಎಂಟೂ ಸೇರಿದರೂ ಒಂದು ಕೋಶದಲ್ಲಿ ಇರುವ ಡಿಎನ್‌ಎ ನಮ್ಮ ಕೋಶದಲ್ಲಿರುವುದಕ್ಕಿಂತ ಕಡಿಮೆ. ಈರುಳ್ಳಿಗೆ ಎರಡೇ ಪ್ರತಿ, 16 ವರ್ಣತಂತು, ಆದರೆ ಜೀನೋಮ್ (ಒಂದು ಪ್ರತಿಯ ಪೂರ್ತಿ ಡಿಎನ್‌ಎ) ಸುಮಾರು 1,600 ಕೋಟಿ ಅಕ್ಷರ (ಸರಪಳಿಯ ಬಿಡಿ ಕೊಂಡಿ), ಮನುಷ್ಯನ ಐದು ಪಟ್ಟು! ಸ್ಟ್ರಾಬೆರಿ ಚೆನ್ನಾಗಿ ಬರುವುದು ಮೆತ್ತಗೆ ಇರುವುದರಿಂದ, ಹಣ್ಣಾಗುವಾಗ ತನ್ನ ಕೋಶಭಿತ್ತಿಯನ್ನು ತಾನೇ ಸಡಿಲಿಸಿಕೊಳ್ಳುವುದರಿಂದ.

ಮಾಟುಂಗಾ ಮೇಷ್ಟ್ರು

ಇದು ಒಳ್ಳೆಯ ಮಾತು, ಸೇಬಿನ ರಸದ ನಳಿಕೆ ಖಂಡಿತ ಇಡುತ್ತೇನೆ. ಆದರೆ ಆರ್‌ಎನ್‌ಎ ಅದೇ ಮುದ್ದೆಯಲ್ಲಿ ಇದೆ ಅಂದಿರಿ. ಹಾಗಾದರೆ ಯಾಕೆ ಎಳೆಯಾಗಿ ಕಾಣುವುದಿಲ್ಲ? ಅದರ ಪ್ರಮಾಣ ಕಡಿಮೆಯೆ?

ಕೊಲಾಬಾ ಕಡಲತೀರ

ಪ್ರಮಾಣ ಕಡಿಮೆ ಅಲ್ಲ ಸರ್, ಹೆಚ್ಚು! ಮನುಷ್ಯನ ಒಂದು ಕೋಶದಲ್ಲಿ ಡಿಎನ್‌ಎ ಸುಮಾರು 6.5 ಪಿಕೋಗ್ರಾಂ (ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಪಿಕೋಗ್ರಾಂ), ಆರ್‌ಎನ್‌ಎ 10ರಿಂದ 30 ಪಿಕೋಗ್ರಾಂ. ಇಲ್ಲಿ ವಿಷಯ ಉದ್ದದ್ದು.

ಮಕ್ಕಳಿಗೆ ಎಲ್ಲವನ್ನೂ ಹತ್ತು ಲಕ್ಷ ಪಟ್ಟು ದೊಡ್ಡದು ಮಾಡಿ ತೋರಿಸಿ. ಡಿಎನ್‌ಎಯ ದಪ್ಪ 2 ನ್ಯಾನೊಮೀಟರ್, ಅಂದರೆ ಈಗ 2 ಮಿಲಿಮೀಟರ್ ದಪ್ಪದ ದಾರ. ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹುರಿ ಅಂತಿಟ್ಟುಕೊಳ್ಳಿ. ಅಕ್ಷರಜೋಡಿಯಿಂದ ಜೋಡಿಗೆ 0.34 ನ್ಯಾನೊಮೀಟರ್, ಒಂದು ಸುತ್ತಿಗೆ ಹತ್ತೂವರೆ ಜೋಡಿ. ನಮ್ಮ ಒಂದು ಕೋಶದಲ್ಲಿ ಸುಮಾರು 640 ಕೋಟಿ ಜೋಡಿ, ನಿಜದಲ್ಲಿ 2 ಮೀಟರ್. ನಮ್ಮ ಅಳತೆಯಲ್ಲಿ 2,000 ಕಿಲೋಮೀಟರ್ ಹುರಿ, ಹೆಚ್ಚುಕಡಿಮೆ ಮುಂಬಯಿಯಿಂದ ಕೋಲ್ಕತ್ತಾದ ರೈಲು ಹಾದಿಯಷ್ಟು. ಅದು 46 ತುಂಡಾಗಿ, 6 ಮೀಟರ್ ಅಗಲದ ಒಂದು ಕೋಣೆಯಲ್ಲಿ ಸಿಕ್ಕಾಗದೆ ಕೂತಿದೆ. ಎಲ್ಲಕ್ಕಿಂತ ಉದ್ದದ ಒಂದನೇ ವರ್ಣತಂತು ಒಂದೇ ತುಂಡು 85 ಕಿಲೋಮೀಟರ್.

ಅದೇ ಅಳತೆಯಲ್ಲಿ ಡಿಎನ್‌ಎಯ ಒಂದು ಸೂಚನೆಯ ನಕಲು ಹೊತ್ತ, 2,000 ಅಕ್ಷರದ ಒಂದು ಸಂದೇಶವಾಹಕ ಆರ್‌ಎನ್‌ಎ ಸುಮಾರು 60 ಸೆಂಟಿಮೀಟರ್. ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಒಂದು ಸಣ್ಣ ಲಿಂಬೆಹಣ್ಣು. ಹಣ್ಣು ಹಿಚುಕುವಾಗ ಡಿಎನ್‌ಎ ಎಷ್ಟೇ ತುಂಡಾಗಲಿ, 50,000 ಜೋಡಿಯ ತುಂಡು ಉಳಿದರೂ ಅದು 17 ಮೀಟರ್ ಹುರಿ. ಅಂಥ ಲಕ್ಷಾಂತರ ಹುರಿ ಒಂದರೊಳಗೊಂದು ತೊಡಕಿಕೊಂಡು ಕಣ್ಣಿಗೆ ಎಳೆಯಾಗುತ್ತವೆ. ಮೊಳದಷ್ಟು ಉದ್ದದ ತುಂಡುಗಳು ಎಷ್ಟಿದ್ದರೂ ಹುರಿ ಆಗುವುದಿಲ್ಲ, ಕಸದ ಗುಡ್ಡೆ ಆಗುತ್ತದೆ. ಆರ್‌ಎನ್‌ಎ ಆಲ್ಕೋಹಾಲ್‌ನಲ್ಲಿ ಬರುತ್ತದೆ, ಪುಡಿಯಾಗಿ, ಮೋಡವಾಗಿ ಬರುತ್ತದೆ. ಕಡ್ಡಿಗೆ ಸಿಗುವುದಿಲ್ಲ ಅಷ್ಟೆ.

ಕಡ್ಡಿಗೆ ಸುತ್ತಿದ ಎಳೆ ಅಂದರೆ ಒಂದು ಅಣು, ಅದರಲ್ಲಿ ಜೋಡಿ ಸುರುಳಿ ಕಾಣುತ್ತದೆ ಅಂತ ಮಾತ್ರ ಯಾರೂ ಹೇಳಬೇಡಿ. ಬೆಳಕಿನ ಅಲೆಯ ಉದ್ದವೇ ಸುಮಾರು 500 ನ್ಯಾನೊಮೀಟರ್. 2 ನ್ಯಾನೊಮೀಟರ್ ದಪ್ಪದ್ದು ಸಾದಾ ಸೂಕ್ಷ್ಮದರ್ಶಕಕ್ಕೂ ಸಿಕ್ಕುವುದಿಲ್ಲ.

ಮಡಗಾಂವ್ ಬಂದರು

ಹಾಗಾದ್ರೆ ಪೆಕ್ಟಿನ್ ಇಲ್ಲದ ಒಂದು ವಸ್ತು ಹೇಳ್ತೇನೆ, ಆಲ್ಕೋಹಾಲೂ ಬೇಡ: ಗಂಡು ಬಂಗುಡೆ ಮೀನು. ಹೊಟ್ಟೆ ಸೀಳಿದ್ರೆ ಎರಡು ಬದಿಗೂ ಬಿಳಿ, ಮೆತ್ತನೆಯ ವೀರ್ಯದ ಗ್ರಂಥಿ ಇರ್ತದೆ. ಮೊಟ್ಟೆಯಾದ್ರೆ ಹಳದಿ, ಕಾಳುಕಾಳು, ಅದಲ್ಲ. ವೀರ್ಯಾಣುವಿನ ತಲೆ ಅಂದ್ರೆ ಹೆಚ್ಚುಕಡಿಮೆ ಡಿಎನ್‌ಎಯ ಗಂಟು, ಆರ್‌ಎನ್‌ಎ ಲೆಕ್ಕಕ್ಕಿಲ್ಲ. ಸ್ವಿಸ್ ವಿಜ್ಞಾನಿ ಫ್ರೀಡ್ರಿಕ್ ಮೀಷರ್ 1869ರಲ್ಲಿ ಬ್ಯಾಂಡೇಜಿನ ಕೀವಿನಿಂದ ಡಿಎನ್‌ಎಯನ್ನು ಮೊದಲು ತೆಗೆದ. ಆಮೇಲೆ ಅವನು ಹಿಡಿದದ್ದು ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯವನ್ನೇ.

100 ಮಿ.ಲೀ. ಆಗುವಷ್ಟು ನೀರಿಗೆ 12 ಗ್ರಾಂ ಉಪ್ಪು, ಅಂದ್ರೆ ಸುಮಾರು 2 ಮೋಲಾರ್ (ಗಾಢತೆಯ ಅಳತೆ). ಅದರಲ್ಲಿ 50 ಮಿ.ಲೀ. ತಗೊಂಡು, 5 ಗ್ರಾಂ ಗ್ರಂಥಿಯನ್ನು ಚಮಚದಿಂದ ಅರೆದು ಹಾಕಿ ಕದಡಿ. ಹತ್ತು ನಿಮಿಷಕ್ಕೆ ಲೋಳೆಸರದ ರಸದ ಹಾಗೆ ದಪ್ಪ ಆಗ್ತದೆ, ಚಮಚ ಎತ್ತಿದ್ರೆ ಎಳೆ ಎಳೆಯುತ್ತದೆ. ವೀರ್ಯಾಣುವಿನಲ್ಲಿ ಡಿಎನ್‌ಎಯನ್ನು ಪ್ರೊಟಮೀನ್ ಎಂಬ ಪ್ರೋಟೀನ್ ಕಟ್ಟಿ ಹಿಡಿದಿರ್ತದೆ. ಅದರ ಧನ ಆವೇಶ, ಡಿಎನ್‌ಎಯ ಋಣ ಆವೇಶ, ಆ ಹಿಡಿತ. ಅಷ್ಟು ಉಪ್ಪಿನಲ್ಲಿ ಹಿಡಿತ ಬಿಡ್ತದೆ. ಬಟ್ಟೆಯಲ್ಲಿ ಸೋಸಿ, 700 ಮಿ.ಲೀ. ಮಂಜುನೀರಿಗೆ ನಿಧಾನ ಸುರೀರಿ. ಉಪ್ಪು 0.13 ಮೋಲಾರ್‌ಗೆ ಇಳಿಯುತ್ತದೆ, ಪ್ರೊಟಮೀನ್ ಮತ್ತೆ ಹಿಡಿದುಕೊಳ್ತದೆ, ಬಿಳಿ ನಾರು ನಾರಾಗಿ ಹೊರಗೆ ಬರ್ತದೆ. ಅದು ಡಿಎನ್‌ಎ ಮತ್ತು ಪ್ರೋಟೀನ್ ಎರಡೂ, ಅದನ್ನು ಹೇಳಿಯೇ ತೋರಿಸಿ.

ಹಳೆಯ ಮೀನು ತರಬೇಡಿ. ಕಣ್ಣು ಕೆಂಪಾದ ಬಂಗುಡೆಯ ಡಿಎನ್‌ಎ ಆಗಲೇ ತುಂಡಾಗಿರ್ತದೆ, ದ್ರಾವಣ ದಪ್ಪ ಆಗುವುದೇ ಇಲ್ಲ. ಸಂಘದ ಸಭಾಂಗಣದಲ್ಲಿ ಮೀನು ನಡೆಯುತ್ತದೋ ಇಲ್ಲವೋ, ಅದನ್ನು ಮೇಷ್ಟ್ರೇ ನೋಡಿಕೊಳ್ಳಬೇಕು.

ಕೊಲಾಬಾ ಕಡಲತೀರ

ಇದಕ್ಕೆ ಜೋಡಿಯಾಗಿ ಯೀಸ್ಟ್ ಇಡಿ, ಆರ್‌ಎನ್‌ಎ ಪಾಲಿಗೆ. ಬ್ರೆಡ್ಡಿನ ಒಣ ಯೀಸ್ಟ್ ತೂಕದಲ್ಲಿ 4ರಿಂದ 10 ಪ್ರತಿಶತ ಆರ್‌ಎನ್‌ಎ, ಡಿಎನ್‌ಎ ಒಂದು ಪ್ರತಿಶತವೂ ಇಲ್ಲ. ಕಾರ್ಖಾನೆಗಳಲ್ಲಿ ಆರ್‌ಎನ್‌ಎ ತೆಗೆಯುವುದೂ ಇದರಿಂದಲೇ.

100 ಮಿ.ಲೀ. ನೀರು, 10 ಗ್ರಾಂ ಉಪ್ಪು, ಮೊದಲು 90 ಡಿಗ್ರಿ ದಾಟಿಸಿ, ಆಮೇಲೆ 10 ಗ್ರಾಂ ಯೀಸ್ಟ್ ಹಾಕಿ. ತಣ್ಣೀರಿಗೆ ಹಾಕಿ ನಿಧಾನ ಕಾಯಿಸಿದರೆ ಕೆಟ್ಟಿತು: 40ರಿಂದ 70 ಡಿಗ್ರಿ ನಡುವೆ ಯೀಸ್ಟಿನದೇ ಕಿಣ್ವಗಳು ಆರ್‌ಎನ್‌ಎಯನ್ನು ತಿಂದು ಮುಗಿಸುತ್ತವೆ. 90-95ರಲ್ಲಿ ಮುಕ್ಕಾಲು ಗಂಟೆ ಕದಡುತ್ತಾ ಇರಿ. ತಣಿಸಿ, ರಾತ್ರಿ ಫ್ರಿಜ್‌ನಲ್ಲಿಟ್ಟು, ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಅದಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹನಿಹನಿಯಾಗಿ ಹಾಕಿ, ಪಿಎಚ್ ಕಾಗದದಲ್ಲಿ 2.5 ಬರಬೇಕು. ಮಾಸಲು ಬಿಳಿ ಮಡ್ಡಿ ಕೆಳಗಿಳಿಯುತ್ತದೆ. ಎಳೆ ಇಲ್ಲ, ನಾರಿಲ್ಲ. ಅದೇ ನಿಮ್ಮ ಆರ್‌ಎನ್‌ಎ, ಸ್ವಲ್ಪ ಪ್ರೋಟೀನ್ ಸೇರಿ. ಆಮ್ಲ ಹಾಕುವುದು ಮೇಷ್ಟ್ರು, ಮಕ್ಕಳಲ್ಲ. ಈ ತಿಳಿಗೆ ಐಪಿಎ ಹಾಕಲಿಕ್ಕೆ ಹೋಗಬೇಡಿ, ಅಷ್ಟು ಉಪ್ಪಿನಲ್ಲಿ ಉಪ್ಪೇ ಹರಳಾಗಿ ಬೀಳಬಹುದು.

ಕಾಲೇಜು ಲ್ಯಾಬ್ ಸಿಕ್ಕಿದರೆ ಎರಡರ ಗುರುತು ಬಣ್ಣದಲ್ಲೇ ಹಿಡಿಯಬಹುದು. ಡೈಫಿನೈಲ್‌ಅಮೈನ್ ಹಾಕಿ ಕುದಿಸಿದರೆ ಡಿಎನ್‌ಎ ನೀಲಿ. ಆರ್ಸಿನಾಲ್ ಹಾಕಿ ಕುದಿಸಿದರೆ ಆರ್‌ಎನ್‌ಎ ಹಸಿರು. ಎರಡೂ ಸಕ್ಕರೆಯನ್ನು ಹಿಡಿಯುವ ಪರೀಕ್ಷೆ. ಎರಡರಲ್ಲೂ ಗಾಢ ಆಮ್ಲ ಇರುವುದರಿಂದ ಸಭಾಂಗಣಕ್ಕೆ ಬೇಡ, ಫೋಟೊ ಸಾಕು.

ಥಾಣೆ ಟೆಸ್ಟ್‌ಟ್ಯೂಬ್

ಅಡುಗೆಮನೆಯ ಆರ್‌ಎನ್‌ಎ ಮಡ್ಡಿಯಾಗಿ ಕೂತರೆ ಸಾಕು. ಲ್ಯಾಬಿನಲ್ಲಿ ಅದು ತುಂಡಾಗದೆ ಬೇಕು, ಅಲ್ಲಿಂದ ತಲೆನೋವು ಶುರು. ಇಲ್ಲಿ ಓದುತ್ತಿರುವ ಬಿಎಸ್ಸಿ, ಎಂಎಸ್ಸಿ ಹುಡುಗರಿಗಾಗಿ ಬರೆಯುತ್ತೇನೆ.

ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಕಿಣ್ವಕ್ಕೆ ಸಾಮಾನ್ಯವಾಗಿ ಮೆಗ್ನೀಸಿಯಂನಂಥ ಲೋಹ ಬೇಕು. ಇಡಿಟಿಎ ಹಾಕಿದರೆ ಲೋಹ ಕಟ್ಟಿಹಾಕಿ ಅದನ್ನು ನಿಲ್ಲಿಸಬಹುದು. ನೇರಳೆ ಮುಚ್ಚಳದ ರಕ್ತದ ಟ್ಯೂಬ್ ಡಿಎನ್‌ಎ ಪರೀಕ್ಷೆಗೆ ಒಗ್ಗುವುದಕ್ಕೆ ಇದೂ ಒಂದು ಕಾರಣ. ಹಸಿರು ಮುಚ್ಚಳದ್ದು ಹೆಪಾರಿನ್, ಅದು ಪಿಸಿಆರ್ (ಡಿಎನ್‌ಎಯ ನಕಲು ಹೆಚ್ಚಿಸುವ ಪರೀಕ್ಷೆ) ಕೆಡಿಸುತ್ತದೆ. ಆರ್‌ಎನ್‌ಏಸ್ ಎ ಎಂಬ, ಆರ್‌ಎನ್‌ಎ ಕತ್ತರಿಸುವ ಕಿಣ್ವದ ಕಥೆ ಬೇರೆ. 124 ಅಮೈನೋ ಆಮ್ಲದ ಪುಟ್ಟ ಪ್ರೋಟೀನ್, ನಾಲ್ಕು ಗಂಧಕದ ಕೊಂಡಿ ಹಾಕಿ ಬಿಗಿದದ್ದು. ಲೋಹ ಬೇಡ, ಇಡಿಟಿಎಗೆ ಜಗ್ಗುವುದಿಲ್ಲ. ಕುದಿಸಿ, ತಣಿದ ಮೇಲೆ ಮತ್ತೆ ಮಡಚಿಕೊಂಡು ಕೆಲಸಕ್ಕೆ ಕೂರುತ್ತದೆ. ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದ ಪುಟ್ಟ ಉಂಗುರ ಡಿಎನ್‌ಎ) ತೆಗೆಯುವವರು ಆರ್‌ಎನ್‌ಏಸ್ ಬಾಟಲಿಯನ್ನು ಬೇಕೆಂದೇ 10-15 ನಿಮಿಷ ಕುದಿಸುತ್ತಾರೆ: ಬೆರೆತಿರಬಹುದಾದ ಡಿಎನ್‌ಏಸ್ ಸಾಯುತ್ತದೆ, ಇದು ಉಳಿಯುತ್ತದೆ. ನಮ್ಮ ಬೆವರು, ಉಗುಳು, ಚರ್ಮದ ಮೇಲೆಲ್ಲ ಆರ್‌ಎನ್‌ಏಸ್‌ಗಳಿವೆ. ಅದಕ್ಕೇ ಕೈಗವಸು, ಫಿಲ್ಟರ್ ಟಿಪ್ಪು.

ನೀರಿನಲ್ಲಿರುವ ಆರ್‌ಎನ್‌ಏಸ್ ಕೊಲ್ಲಲು ಡಿಇಪಿಸಿ ಎಂಬ ರಾಸಾಯನಿಕ 0.1 ಪ್ರತಿಶತ, ರಾತ್ರಿಯಿಡೀ 37 ಡಿಗ್ರಿ, ಮರುದಿನ ಆಟೊಕ್ಲೇವ್. ಟ್ರಿಸ್ (ಪಿಎಚ್ ಸ್ಥಿರವಾಗಿಡುವ ವಸ್ತು) ಇರುವ ದ್ರಾವಣಕ್ಕೆ ನೇರ ಹಾಕಬೇಡಿ, ಟ್ರಿಸ್‌ನ ಅಮೈನ್ ಡಿಇಪಿಸಿಯನ್ನು ತಿಂದುಬಿಡುತ್ತದೆ. ಡಿಇಪಿಸಿ ನೀರು ಮಾಡಿಕೊಂಡು ಅದರಲ್ಲಿ ಟ್ರಿಸ್ ಕರಗಿಸಬೇಕು.

ಫಿನಾಲ್‌ನಲ್ಲಿ ಬೇರ್ಪಡಿಸುವಾಗ ಪಿಎಚ್ ನೋಡಿ. 8ರ ಫಿನಾಲ್‌ನಲ್ಲಿ ಎರಡೂ ಮೇಲಿನ ನೀರಿನ ಪದರಕ್ಕೆ ಬರುತ್ತವೆ. ಆಮ್ಲೀಯ ಫಿನಾಲ್‌ನಲ್ಲಿ ಡಿಎನ್‌ಎ ನಡುಪದರದಲ್ಲಿ, ಫಿನಾಲ್‌ನಲ್ಲಿ ನಿಲ್ಲುತ್ತದೆ, ಆರ್‌ಎನ್‌ಎ ಮಾತ್ರ ಮೇಲೆ. ಆಮ್ಲೀಯ ಫಿನಾಲ್ ಇರುವ ಟ್ರೈಜಾಲ್ ದ್ರಾವಣ ನಡೆಯುವುದು ಹೀಗೆ: 1 ಮಿ.ಲೀ.ಗೆ 0.2 ಮಿ.ಲೀ. ಕ್ಲೋರೋಫಾರ್ಮ್, 12,000 ಜಿ, 15 ನಿಮಿಷ, 4 ಡಿಗ್ರಿ. ಮೇಲಿನ ಪದರವನ್ನು ಕೊನೇ ಹನಿವರೆಗೆ ಎಳೆಯುವ ಆಸೆ ಬೇಡ. ನಡುಪದರ ಮುಟ್ಟಿದರೆ ಡಿಎನ್‌ಎ ಜೊತೆಗೆ ಬಂತು, ಆರ್‌ಟಿ-ಪಿಸಿಆರ್‌ನಲ್ಲಿ ಸುಳ್ಳು ಸಂಕೇತ ಕೊಡುತ್ತದೆ. ಆರ್‌ಟಿ ಕಿಣ್ವ (ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸುವುದು) ಹಾಕದ ಒಂದು ಟ್ಯೂಬ್ ಪಕ್ಕದಲ್ಲಿ ಓಡಿಸದೆ ಆ ಫಲಿತಾಂಶ ನಂಬಬೇಡಿ.

260 ನ್ಯಾನೊಮೀಟರ್‌ನಲ್ಲಿ ಬೆಳಕು ಹೀರಿದ ಓದು 1.0 ಬಂದರೆ ಜೋಡಿ ಎಳೆ ಡಿಎನ್‌ಎ 50, ಆರ್‌ಎನ್‌ಎ 40 ಮೈಕ್ರೋಗ್ರಾಂ ಪ್ರತಿ ಮಿ.ಲೀ.ಗೆ. 260/280 ಅನುಪಾತ ಡಿಎನ್‌ಎಗೆ 1.8, ಆರ್‌ಎನ್‌ಎಗೆ 2.0. ಅನುಪಾತ ಚೆನ್ನಾಗಿದೆ ಅಂದ ಮಾತ್ರಕ್ಕೆ ಆರ್‌ಎನ್‌ಎ ಇಡಿಯಾಗಿದೆ ಅಂತಲ್ಲ! ಪುಡಿಯಾದ ಆರ್‌ಎನ್‌ಎಯೂ 2.0 ತೋರಿಸುತ್ತದೆ. ಜೆಲ್ ಓಡಿಸಿ. ಪ್ರಾಣಿಕೋಶವಾದರೆ 28ಎಸ್, 18ಎಸ್ ಎಂಬ ರೈಬೋಸೋಮಿನ ಎರಡು ಆರ್‌ಎನ್‌ಎ ಪಟ್ಟಿ, ಮೇಲಿನದು ಕೆಳಗಿನದರ ಸುಮಾರು ಎರಡು ಪಟ್ಟು ಗಾಢ. ಕೆಳಗೆ ಬಳಿದ ಹಾಗೆ ಕಂಡರೆ ಮತ್ತೆ ಮೊದಲಿಂದ.

ಮಾಟುಂಗಾ ಮೇಷ್ಟ್ರು

ಇಷ್ಟೊಂದು ನಾಜೂಕಿನ ಅಣುವನ್ನು ಕೋಶ ಯಾಕೆ ಇಟ್ಟುಕೊಂಡಿದೆ? ಕೋಷ್ಟಕದ "ಯಾಕೆ"ಗೆ ಈಗ ಬರೋಣವೆ?

ಕೊಲಾಬಾ ಕಡಲತೀರ

ಸಕ್ಕರೆಯಿಂದ ಶುರು ಮಾಡುವ. ಎರಡೂ ಐದು ಇಂಗಾಲದ ಸಕ್ಕರೆ. ಎರಡನೇ ಇಂಗಾಲದಲ್ಲಿ ರೈಬೋಸ್‌ಗೆ ಒಂದು ಆಮ್ಲಜನಕ-ಜಲಜನಕದ ಬಾಲ ಉಂಟು, ಡಿಆಕ್ಸಿರೈಬೋಸ್‌ಗೆ ಬರೀ ಜಲಜನಕ. ವ್ಯತ್ಯಾಸ ಒಂದು ಆಮ್ಲಜನಕ. ಆದರೆ ಅದು ಕೂತಿರುವ ಜಾಗ ನೋಡಿ: ಪಕ್ಕದ ಮೂರನೇ ಇಂಗಾಲಕ್ಕೆ ಸರಪಳಿಯ ಫಾಸ್ಫೇಟ್ ಕಟ್ಟಿಕೊಂಡಿದೆ. ಕ್ಷಾರ ಸಿಕ್ಕಿದ ಕೂಡಲೇ ಆ ಬಾಲ ತನ್ನ ಪ್ರೋಟಾನ್ ಬಿಟ್ಟು ಪಕ್ಕದ ರಂಜಕದ (ಆ ಫಾಸ್ಫೇಟಿನ ಫಾಸ್ಫರಸ್) ಮೇಲೆ ಎರಗುತ್ತದೆ, ಸರಪಳಿ ಅಲ್ಲೇ ಕಡಿಯುತ್ತದೆ. ಆರ್‌ಎನ್‌ಎ ತನ್ನನ್ನು ಕಡಿಯುವ ಕತ್ತಿಯನ್ನು ಪ್ರತಿ ಕೊಂಡಿಯಲ್ಲೂ ತಾನೇ ಹೊತ್ತುಕೊಂಡಿದೆ. 0.3 ಮೋಲಾರ್ ಕಾಸ್ಟಿಕ್ ಸೋಡಾದಲ್ಲಿ 37 ಡಿಗ್ರಿಗೆ ಒಂದು ರಾತ್ರಿ ಇಟ್ಟರೆ ಆರ್‌ಎನ್‌ಎ ಬಿಡಿ ಅಕ್ಷರಗಳಾಗಿ ಹೋಗುತ್ತದೆ. ಡಿಎನ್‌ಎಯ ಎರಡು ಎಳೆ ಬೇರೆಯಾಗುತ್ತವೆ, ಸರಪಳಿ ಉಳಿಯುತ್ತದೆ. ಥಾಣೆಯವರು ಹೇಳಿದ ಆರ್‌ಎನ್‌ಏಸ್ ಎ ಕೂಡ ಇದೇ ಬಾಲವನ್ನು ಬಳಸಿ ಕತ್ತರಿಸುವುದು. ಡಿಎನ್‌ಎಗೆ ಬಾಲ ಇಲ್ಲ, ಹಾಗಾಗಿ ಅದು ಏನೂ ಮಾಡಲಾರದು.

ಯುರಾಸಿಲ್-ಥೈಮೀನ್ ವಿಷಯಕ್ಕೆ ಕನ್ನಡ ಅಕ್ಷರವೇ ಸಾಕು. "ಪ" ಬರೆದು ಹೊಟ್ಟೆಯಲ್ಲಿ ಗೆರೆ ಎಳೆದರೆ "ಷ". ಒಂದು ಹಳೇ ಪುಸ್ತಕದಲ್ಲಿ "ಷ"ದ ಗೆರೆ ಆಗಾಗ ಅಳಿಸಿ "ಪ" ಆಗುತ್ತಿದೆ ಅಂತಿಟ್ಟುಕೊಳ್ಳಿ. ಕರಡು ತಿದ್ದುವವನಿಗೆ ಒಂದು "ಪ" ಸಿಕ್ಕಿದರೆ ಅದು ಮೊದಲಿಂದ ಇದ್ದ "ಪ"ವೋ, ಗೆರೆ ಅಳಿಸಿದ "ಷ"ವೋ? ಗೊತ್ತಾಗುವುದಿಲ್ಲ. ಹಾಗಾಗಿ ಮುದ್ರಕ ಜಾಣತನ ಮಾಡಿ, ಅಸಲಿ "ಪ"ದ ತಲೆಯ ಮೇಲೆಲ್ಲ ಒಂದು ಚುಕ್ಕೆ ಇಟ್ಟ. ಈಗ ಚುಕ್ಕೆ ಇಲ್ಲದ "ಪ" ಕಂಡರೆ ಅದು ಕೆಟ್ಟ "ಷ", ತಿದ್ದು.

ಡಿಎನ್‌ಎಯಲ್ಲಿ ಸೈಟೋಸೀನ್ ಎಂಬ ಅಕ್ಷರ (ನಮ್ಮ "ಷ") ತನ್ನಷ್ಟಕ್ಕೆ ಅಮೈನ್ ಕಳೆದುಕೊಂಡು ಯುರಾಸಿಲ್ ಆಗುತ್ತದೆ, ಒಂದು ಕೋಶದಲ್ಲಿ ದಿನಕ್ಕೆ ನೂರರ ಲೆಕ್ಕದಲ್ಲಿ. ಥೈಮೀನ್ ಅಂದರೆ ಮೀಥೈಲ್ ಚುಕ್ಕೆ ಇಟ್ಟ ಯುರಾಸಿಲ್. ಯುರಾಸಿಲ್ ಡಿಎನ್‌ಎ ಗ್ಲೈಕೋಸಿಲೇಸ್ ಎಂಬ ಕಿಣ್ವ ಚುಕ್ಕೆಯಿಲ್ಲದ್ದನ್ನು ಕಂಡಲ್ಲಿ ಕಿತ್ತು ಹಾಕುತ್ತದೆ. ಎದುರು ಎಳೆಯಲ್ಲಿ ಗ್ವಾನೀನ್ ಇರುವುದರಿಂದ ಬೇರೆ ಕಿಣ್ವಗಳು ಮತ್ತೆ ಸೈಟೋಸೀನ್ ಕೂರಿಸುತ್ತವೆ. ಎರಡನೇ ಎಳೆ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಸಿಕ್ಕಿತು: ತಿದ್ದಲಿಕ್ಕೆ ಮೂಲಪ್ರತಿ ಎದುರಿಗೇ ಬೇಕು. ಆರ್‌ಎನ್‌ಎ ಕೆಲವು ನಿಮಿಷ, ಕೆಲವು ಗಂಟೆಯ ಚೀಟಿ. ಚುಕ್ಕೆ ಇಡುವ ಖರ್ಚು ಯಾಕೆ?

"ಆರ್‌ಎನ್‌ಎ ಒಂದೇ ಎಳೆ" ಅನ್ನುವುದನ್ನು ಮಾತ್ರ ಸ್ವಲ್ಪ ತಿದ್ದಿ ಹೇಳಿ. ಒಂದೇ ಎಳೆ ಹೌದು, ಆದರೆ ನೆಟ್ಟಗೆ ನಿಲ್ಲುವುದಿಲ್ಲ, ತನ್ನ ಮೇಲೆ ತಾನೇ ಮಡಚಿಕೊಂಡು ಜೋಡಿ ಹುಡುಕುತ್ತದೆ. ಅಮೈನೋ ಆಮ್ಲ ಹೊತ್ತು ತರುವ, 76 ಅಕ್ಷರದ ಟಿಆರ್‌ಎನ್‌ಎ ಮಡಚಿ ಇಂಗ್ಲಿಷ್ ಎಲ್ ಆಕಾರ ಆಗುತ್ತದೆ. ಮಕ್ಕಳಿಗೆ ಭೇದಿ ತರಿಸುವ ರೋಟಾವೈರಸ್‌ನಲ್ಲಿ 11 ತುಂಡು ಜೋಡಿ ಎಳೆಯ ಆರ್‌ಎನ್‌ಎಯೇ ಇರುವುದು. ನಾಯಿಯ ಪಾರ್ವೋವೈರಸ್‌ನಲ್ಲಿ ಒಂಟಿ ಎಳೆಯ ಡಿಎನ್‌ಎ. ಪರೀಕ್ಷೆಗೆ ಕೋಷ್ಟಕ ಬರೆಯಲಿ, ನಂಬುವುದು ಬೇಡ.

ಪಾಷಾಣ ಪಿಪೆಟ್

ನಾಜೂಕು ಯಾಕ ಅಂದ್ರ, ಬೇಕಂತನ ಹಂಗ. ಕೆಲಸ ಮುಗಿದ ಮ್ಯಾಲೆ ಚೀಟಿ ಹರೀಬೇಕಲ್ರಿ. ಇಲ್ಲಾಂದ್ರ ಊಟ ಆದ ಮ್ಯಾಲೂ ಅಡಗಿ ನಡದ ಇರ್ತದ. ಬ್ಯಾಕ್ಟೀರಿಯಾದಾಗ ಈ ಚೀಟಿ, ಅಂದ್ರ ಸಂದೇಶವಾಹಕ ಆರ್‌ಎನ್‌ಎ ಅಥವಾ ಎಮ್‌ಆರ್‌ಎನ್‌ಎ ಆಯುಷ್ಯ ಕೆಲವ ನಿಮಿಷ, ನಮ್ಮ ಕೋಶದಾಗ ಗಂಟೆಗಳ ಲೆಕ್ಕ.

ಚೀಟಿ ಮಾಡಿದ್ರ ಲಾಭ ಏನಂದ್ರ ರಾಮನಗರದ ಗೂಡಿನ ಮಾರುಕಟ್ಟಿ ನೆನಸ್ಕೊಳ್ರಿ. ರೇಷ್ಮೆ ಹುಳದ ಗ್ರಂಥಿಯ ಕೋಶದಾಗ ಫೈಬ್ರೋಯಿನ್ (ರೇಷ್ಮೆ ಎಳಿಯ ಪ್ರೋಟೀನ್) ಜೀನ್ ಒಂದು. ಅದರಿಂದ ಸುಮಾರು 10,000 ಎಮ್‌ಆರ್‌ಎನ್‌ಎ, ಒಂದೊಂದರಿಂದ ಸುಮಾರು 1 ಲಕ್ಷ ಪ್ರೋಟೀನ್. ನಾಲ್ಕು ದಿನದಾಗ ಒಂದು ಜೀನಿಗೆ 100 ಕೋಟಿ ಫೈಬ್ರೋಯಿನ್. ಮೂಲಪ್ರತಿ ಮುಂದಿಟ್ಕೊಂಡು ಒಂದೊಂದ ಮಾಡ್ತೇನಿ ಅಂದಿದ್ರ ಗೂಡು ಆಗ್ತಿತ್ತೇನು?

ಆದ್ರ "ಆರ್‌ಎನ್‌ಎ ಅಂದ್ರ ಸಂದೇಶವಾಹಕ" ಅಂತ ಅಷ್ಟಕ್ಕ ನಿಲ್ಲಿಸಬ್ಯಾಡ್ರಿ. ಕೋಶದ ಆರ್‌ಎನ್‌ಎ ತೂಕದಾಗ 80 ಪ್ರತಿಶತದ ಮ್ಯಾಲೆ ರೈಬೋಸೋಮಿಂದು, ಸುಮಾರು 15 ಟಿಆರ್‌ಎನ್‌ಎ, ಸಂದೇಶ 3ರಿಂದ 5 ಅಷ್ಟ. ನಿಮ್ಮ ಯೀಸ್ಟ್ ಮಡ್ಡಿಯೊಳಗ ಇರೂದೂ ಹೆಚ್ಚಾಗಿ ರೈಬೋಸೋಮಿಂದ. ಅಮೈನೋ ಆಮ್ಲ ಒಂದಕ್ಕೊಂದು ಕೂಡಿಸೋ ಜಾಗದಾಗ ಪ್ರೋಟೀನ್ ಇಲ್ಲ, ಆರ್‌ಎನ್‌ಎನ ಆ ಕೆಲಸ ಮಾಡ್ತದ. 2000ದಾಗ ರೈಬೋಸೋಮಿನ ರಚನೆ ಸ್ಪಷ್ಟ ಸಿಕ್ಕ ಮ್ಯಾಲೆ ಇದು ಖಾತ್ರಿ ಆತು. ವೆಂಕಿ ರಾಮಕೃಷ್ಣನ್, ಸ್ಟೈಟ್ಜ್, ಯೊನಾತ್ ಮೂವರಿಗೂ 2009ರ ನೊಬೆಲ್ ಅದಕ್ಕ.

ಥಾಣೆ ಟೆಸ್ಟ್‌ಟ್ಯೂಬ್

ಪಾಲಕರು ಕೋವಿಡ್ ಲಸಿಕೆ ಬಗ್ಗೆ ಕೇಳಿಯೇ ಕೇಳುತ್ತಾರೆ, ತಯಾರಿರಿ. ಉದಾಹರಣೆ ಪುಣೆಯಲ್ಲೇ ಇದೆ. ಕೋವಿಶೀಲ್ಡ್ ಒಳಗಿದ್ದದ್ದು ಚಿಂಪಾಂಜಿ ಅಡಿನೋವೈರಸ್‌ನ ಡಿಎನ್‌ಎ. ಮಾಮೂಲಿ ಫ್ರಿಜ್, 2ರಿಂದ 8 ಡಿಗ್ರಿ ಸಾಕಿತ್ತು. ಫೈಜರ್‌ನ ಎಮ್‌ಆರ್‌ಎನ್‌ಎ ಲಸಿಕೆಗೆ ಮೊದಮೊದಲು ಮೈನಸ್ 70 ಡಿಗ್ರಿ ಆಸುಪಾಸು ಬೇಕಾಯಿತು. ಪುಣೆಯ ಜೆನ್ನೋವಾದ ಎಮ್‌ಆರ್‌ಎನ್‌ಎ ಲಸಿಕೆಗೆ 2022ರ ಜೂನ್‌ನಲ್ಲಿ ತುರ್ತು ಅನುಮತಿ ಸಿಕ್ಕಿತು, ಅದು 2ರಿಂದ 8ರಲ್ಲೇ ಇರುತ್ತದೆ, ಯಾಕೆಂದರೆ ಒಣಗಿಸಿ ಪುಡಿ ಮಾಡಿದ್ದು. ಸರಪಳಿ ಕಡಿಯುವ ಕ್ರಿಯೆಗಳಿಗೆ ನೀರು ಬೇಕು. ನೀರು ತೆಗೆದರೆ ಅರ್ಧ ಜಗಳ ಮುಗಿಯಿತು.

ಕೊಲಾಬಾ ಕಡಲತೀರ

ಪೂರ್ತಿ ಡಿಎನ್‌ಎ-ಆರ್‌ಎನ್‌ಎ ಲೆಕ್ಕದಲ್ಲೇ ಹೇಳಬೇಡಿ. ಅಡಿನೋವೈರಸ್‌ಗೆ ಪ್ರೋಟೀನ್ ಕವಚ ಉಂಟು, ಎಮ್‌ಆರ್‌ಎನ್‌ಎಗೆ ಕೊಬ್ಬಿನ ಪುಟ್ಟ ಗುಳಿಗೆ. ಆ ಗುಳಿಗೆ ಒಡೆಯಬಾರದು ಅನ್ನುವುದೂ ಚಳಿ ಬೇಕಾದದ್ದಕ್ಕೆ ಒಂದು ಕಾರಣ.

ಮಾಟುಂಗಾ ಮೇಷ್ಟ್ರು

ಮೀನಿಗೆ ಅಧ್ಯಕ್ಷರು ಒಪ್ಪಲಿಲ್ಲ, ಬಾಲ್ಕನಿಯಲ್ಲಿ ಮಾಡಬಹುದಂತೆ. ಸ್ಟ್ರಾಬೆರಿ, ಸೇಬಿನ ರಸ, ಯೀಸ್ಟ್ ಒಳಗೆ. ಕೊನೆಯದೊಂದು: ಕಡ್ಡಿಗೆ ಸುತ್ತಿದ ಎಳೆಯನ್ನು ಜೂನ್‌ನಲ್ಲಿ ಶಾಲೆ ತೆರೆಯುವವರೆಗೆ ಇಟ್ಟು ತೋರಿಸಬಹುದೆ? ನೀರಿನಲ್ಲೋ, ಆಲ್ಕೋಹಾಲ್‌ನಲ್ಲೋ?

ಪಾಷಾಣ ಪಿಪೆಟ್

ನೀರಿನ್ಯಾಗ ಹಾಕಿದ್ರ ಕರಗಿ ಹೋಗ್ತದ, ನಾಕು ದಿನಕ್ಕ ಬೂಸು ಹಿಡೀತದ, ಬೂಸಿನ ಡಿಎನ್‌ಏಸ್ ಉಳಿದದ್ದನ್ನ ತಿಂತದ. 70 ಪ್ರತಿಶತ ಐಪಿಎ ಒಳಗ ಅದ್ದಿ, ಸ್ಕ್ರೂ ಮುಚ್ಚಳದ ಗಾಜಿನ ಬಾಟಲಿಯೊಳಗ, ಫ್ರಿಜ್‌ನ್ಯಾಗ ಇಡ್ರಿ. ರಬ್ಬರ್ ಬೂಚು ಬ್ಯಾಡ, ಆಲ್ಕೋಹಾಲ್ ಹಾರಿ ಹೋಗ್ತದ. ಮೊದಲ ಒಂದು ಸಲ ಅದೇ 70ರಾಗ ತೊಳೆದು ಆ ನೀರು ಚೆಲ್ಲಿ, ಹೊಸದು ಹಾಕ್ರಿ. ಸೋಪು, ಸ್ಟ್ರಾಬೆರಿಯ ಕೆಂಪು ಹೋಗ್ತದ. ಜೂನ್ ಏನ್ರಿ, ಮುಂದಿನ ವಿಜ್ಞಾನ ದಿನಕ್ಕೂ ಇರ್ತದ. ಬಾಟಲಿ ಮ್ಯಾಲೆ "ಡಿಎನ್‌ಎ, ಆರ್‌ಎನ್‌ಎ, ಪೆಕ್ಟಿನ್, ಪ್ರೋಟೀನ್" ಅಂತ ನಾಲ್ಕೂ ಬರೀರಿ.